ಒಂದು ಮರದ ಗಜದ ಕಥೆ

1/6

ಏಪ್ರಿಲ್ 10, 1741. ಊರು ಮೋಲ್ವಿಟ್ಸ್. ಆಗ ಸೈಲೀಷಿಯಾ, ಈಗ ಪೋಲೆಂಡ್. ನೆಲದ ಮೇಲೆಲ್ಲ ಹಿಮ. ಪ್ರಷ್ಯಾದ ರಾಜ ಎರಡನೇ ಫ್ರೆಡ್ರಿಕ್‌ಗೆ 29 ವರ್ಷ. ಪಟ್ಟಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ, ಇದು ಅವನ ಮೊದಲ ದೊಡ್ಡ ಯುದ್ಧ. ಆಸ್ಟ್ರಿಯಾದ ಕುದುರೆ ಸೈನ್ಯ ನುಗ್ಗಿ ಬಂದು ಅವನ ಬಲಗಡೆಯ ದಂಡನ್ನ ಚೆಲ್ಲಾಪಿಲ್ಲಿ ಮಾಡಿಬಿಡ್ತು. ಸೇನಾಪತಿ ಶ್ವೆರೀನ್ ರಾಜನಿಗೆ ಇಲ್ಲಿಂದ ಹೊರಟುಬಿಡಿ ಅಂತ ಸಲಹೆ ಕೊಟ್ಟ. ರಾಜ ಹೊರಟೇಬಿಟ್ಟ! ಮುಂದೆ 'ಫ್ರೆಡ್ರಿಕ್ ದಿ ಗ್ರೇಟ್' ಅನ್ನಿಸಿಕೊಂಡ ಮನುಷ್ಯ ಮೊದಲ ಯುದ್ಧದಲ್ಲೇ ಮೈದಾನ ಬಿಟ್ಟು ಹೋಗಿದ್ದ ಅನ್ನೋದು ಶಾಲೆಯ ಪುಸ್ತಕಗಳಲ್ಲಿ ಜಾಸ್ತಿ ಸಿಗಲ್ಲ.

ಆದರೆ ಸಂಜೆ ಹೊತ್ತಿಗೆ ಯುದ್ಧ ಗೆದ್ದಿದ್ದು ಪ್ರಷ್ಯಾ. ಗೆಲ್ಲಿಸಿದ್ದು ಕಾಲಾಳುಗಳು. ಅವರು ಸಾಲು ಕದಲಿಸದೆ ನಿಂತು, ಎದುರಾಳಿಗಿಂತ ಬೇಗ ಬೇಗ ಗುಂಡು ಹಾರಿಸಿದರು. ನಿಮಿಷಕ್ಕೆ ನಾಲ್ಕೈದು ಗುಂಡು ಅಂತ ಕೆಲವರು ಬರೆದಿದ್ದಾರೆ. ಹೊಗೆ, ಕಿರುಚಾಟ, ಪಕ್ಕದವನು ಬೀಳ್ತಾ ಇರೋದು, ಇದರ ಮಧ್ಯೆ ಅಷ್ಟು ಸಾಧ್ಯ ಆಗಿರುತ್ತೆ ಅಂತ ನನಗೇನೂ ಅನ್ಸಲ್ಲ. ಆದರೆ ಆಸ್ಟ್ರಿಯಾದವರಿಗಿಂತ ಬೇಗ ಅನ್ನೋದರಲ್ಲಿ ಅನುಮಾನ ಇಲ್ಲ. ಇದಕ್ಕೆ ಎರಡು ಕಾರಣ. ಒಂದು, ವರ್ಷಗಟ್ಟಲೆಯ ಕವಾಯತು. ಇನ್ನೊಂದು, ಅವರ ಕೈಯಲ್ಲಿದ್ದ ಕಬ್ಬಿಣದ ಗಜ. ಆಸ್ಟ್ರಿಯಾದವರದ್ದು ಇನ್ನೂ ಮರದ್ದು.

ಗಜ ಅಂದ ಕೂಡಲೇ ಆನೆ ನೆನಪಾಗುತ್ತೆ, ಇಲ್ಲ ಬಟ್ಟೆ ಅಳೆಯೋ ಗಜ. ಕೋವಿ ಇರೋ ಮನೆಯವರಿಗೆ ಮಾತ್ರ ಮೂರನೇ ಅರ್ಥ ಗೊತ್ತು. ಹಳೇ ಬಂದೂಕಿಗೆ ಹಿಂದಿನಿಂದ ತೋಟ ಹಾಕೋ ವ್ಯವಸ್ಥೆ ಇರಲಿಲ್ಲ. ನಳಿಗೆಯ ಬಾಯಿಂದಲೇ ಮೊದಲು ಮದ್ದು, ಆಮೇಲೆ ಗುಂಡು ಹಾಕಬೇಕು. ಹಾಕಿದ್ದನ್ನ ಒಂದು ಉದ್ದ ಕೋಲಿನಿಂದ ತಳದವರೆಗೆ ಜಡಿಯಬೇಕು. ಆ ಕೋಲೇ ಗಜ, ಇಂಗ್ಲಿಷಿನವರ ರಾಮ್‌ರಾಡ್. ನಳಿಗೆಯ ಕೆಳಗೆ, ಮರದ ದಿಮ್ಮಿಯಲ್ಲಿ ಕೊರೆದ ಕಾಲುವೆಯೊಳಗೆ ಇದು ಮಲಗಿರುತ್ತೆ. ಫೋಟೋ 2ರಲ್ಲಿ ನಾನೇ ಬಿಡಿಸಿದ ಗೆರೆಚಿತ್ರ ಇದೆ, ಕೆಂಪು ಬಣ್ಣದ್ದು ಗಜ. (ಚಿತ್ರಕ್ಕೆ ನಗಬೇಡಿ, ನಾನು ಬಿಕಾಂ.)

ಕಬ್ಬಿಣದ ಗಜವನ್ನ ಪ್ರಷ್ಯಾದ ಸೈನ್ಯಕ್ಕೆ ತಂದವನು ಆನ್‌ಹಾಲ್ಟ್-ಡೆಸಾವ್‌ನ ಲಿಯೊಪೋಲ್ಡ್. ಸೈನಿಕರು ಅವನನ್ನ 'ಮುದಿ ಡೆಸಾವರ್' ಅಂತ ಕರೀತಿದ್ದರು. ಮೊದಲು ತನ್ನ ರೆಜಿಮೆಂಟಿಗೆ ಕೊಟ್ಟ, ಆಮೇಲೆ ಇಡೀ ಕಾಲ್ದಳಕ್ಕೆ ಬಂತು. ಅವಸರದಲ್ಲಿ ಜಡಿಯುವಾಗ ಮರದ ಕೋಲು ಮುರಿದರೆ ಆ ಸೈನಿಕನ ಕೈಯಲ್ಲಿ ಉಳಿಯೋದು ಬಯೊನೆಟ್ ಸಿಕ್ಕಿಸಿದ ಒಂದು ದೊಣ್ಣೆ, ಅಷ್ಟೇ. ಕಬ್ಬಿಣದ್ದು ಮುರಿಯಲ್ಲ, ಒದ್ದೆಯಾದರೂ ಉಬ್ಬಲ್ಲ, ಧೈರ್ಯವಾಗಿ ಒಂದೇ ಏಟಿಗೆ ಜಡಿಯಬಹುದು. ಮೋಲ್ವಿಟ್ಸ್ ಆದಮೇಲೆ ಆಸ್ಟ್ರಿಯಾ ಕೂಡ ಕಬ್ಬಿಣಕ್ಕೆ ಬಂತು. ಬ್ರಿಟಿಷರ ಬ್ರೌನ್ ಬೆಸ್ ಬಂದೂಕಿನಲ್ಲೂ ಮೊದಮೊದಲು ಮರದ ಗಜವೇ ಇದ್ದಿದ್ದು, 18ನೇ ಶತಮಾನದ ನಡುವಿನ ಹೊತ್ತಿಗೆ ಅದೂ ಉಕ್ಕಿಗೆ ತಿರುಗಿತು. ಈಸ್ಟ್ ಇಂಡಿಯಾ ಕಂಪನಿಗೋಸ್ಕರ ಮಾಡಿಸಿ, 1790ರ ದಶಕದಲ್ಲಿ ಬ್ರಿಟಿಷ್ ಸೈನ್ಯವೇ ತಗೊಂಡ 39 ಇಂಚು ನಳಿಗೆಯ 'ಇಂಡಿಯಾ ಪ್ಯಾಟರ್ನ್' ಬಂದೂಕಿಗೂ ಉಕ್ಕಿನದ್ದೇ.

ಇಷ್ಟು ಓದಿದರೆ ಮರ ಸೋತಿತು, ಕಬ್ಬಿಣ ಗೆದ್ದಿತು, ಕಥೆ ಮುಗೀತು ಅನ್ಸುತ್ತೆ. ಆದರೆ ಅದೇ ಶತಮಾನದಲ್ಲಿ, ಅಟ್ಲಾಂಟಿಕ್ ಸಮುದ್ರದ ಆ ಕಡೆ, ಆಗಿನ ಕಾಲದ ಅತ್ಯಂತ ನಿಖರವಾದ ಬಂದೂಕು ಮಾಡ್ತಿದ್ದ ಜನ ಬೇಕು ಅಂತಲೇ ಮರದ ಗಜ ಇಟ್ಟುಕೊಂಡಿದ್ದರು. ಕಬ್ಬಿಣ ಗೊತ್ತಿಲ್ಲದೆ ಅಲ್ಲ. ನಳಿಗೆಯನ್ನೇ ಕಬ್ಬಿಣ ಬಡಿದು ಮಾಡೋರಿಗೆ ಒಂದು ಕಬ್ಬಿಣದ ಸರಳು ಮಾಡೋದು ಕಷ್ಟನಾ?

2/6

ಅಮೆರಿಕದ ಪೆನ್ಸಿಲ್ವೇನಿಯಾ, ಲ್ಯಾಂಕಾಸ್ಟರ್ ಸುತ್ತಮುತ್ತ. 18ನೇ ಶತಮಾನದಲ್ಲಿ ಜರ್ಮನ್ ಮಾತಾಡೋ ಕುಶಲಕರ್ಮಿಗಳು ಇಲ್ಲಿಗೆ ವಲಸೆ ಬಂದರು. ಅವರ ಜೊತೆ ಬಂದಿದ್ದು ಯೇಗರ್ ಅನ್ನೋ ಗಿಡ್ಡ, ದಪ್ಪ ನಳಿಗೆಯ ಬೇಟೆ ರೈಫಲ್. ಇಲ್ಲಿನ ಕಾಡಿನ ಬದುಕಿಗೆ ತಕ್ಕ ಹಾಗೆ ಅದು ನಿಧಾನಕ್ಕೆ ಬದಲಾಯ್ತು. ನಳಿಗೆ ಉದ್ದ ಆಯ್ತು, 40 ಇಂಚು ದಾಟಿತು. ತೂತು ಸಣ್ಣದಾಯ್ತು, ಯಾಕಂದ್ರೆ ಸಣ್ಣ ಗುಂಡಿಗೆ ಸೀಸ ಕಮ್ಮಿ, ಮದ್ದು ಕಮ್ಮಿ. ಪೇಟೆ ಎಷ್ಟೋ ದಿನದ ದಾರಿಯಲ್ಲಿರುವಾಗ ಒಂದು ಸೇರು ಸೀಸದಲ್ಲಿ ಎಷ್ಟು ಗುಂಡು ಬರುತ್ತೆ ಅನ್ನೋದು ಹೊಟ್ಟೆಪಾಡಿನ ಲೆಕ್ಕ. ಈ ಬಂದೂಕಿಗೆ ಈಗ ಪೆನ್ಸಿಲ್ವೇನಿಯಾ ರೈಫಲ್, ಕೆಂಟಕಿ ರೈಫಲ್, ಲಾಂಗ್ ರೈಫಲ್ ಅಂತೆಲ್ಲ ಹೆಸರು.

ಮಸ್ಕೆಟ್‌ಗೂ ರೈಫಲ್‌ಗೂ ಇರೋ ವ್ಯತ್ಯಾಸ ಇಲ್ಲಿ ಗೊತ್ತಿರಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಮಸ್ಕೆಟ್‌ನ ನಳಿಗೆ ಒಳಗೆ ನುಣುಪು, ನೀರಿನ ಪೈಪಿನ ಹಾಗೆ. ಗುಂಡು ಸಡಿಲ, ಸುಮ್ಮನೆ ಜಾರಿ ಇಳಿಯುತ್ತೆ. ಬೇಗ ತುಂಬಬಹುದು, ಆದರೆ ಹೊಡೆದಾಗ ಗುಂಡು ಎಲ್ಲಿಗೋ ಹೋಗುತ್ತೆ. ಸೈನ್ಯಕ್ಕೆ ಅದು ಪರವಾಗಿಲ್ಲ, ನೂರಾರು ಜನ ಒಟ್ಟಿಗೆ ಹೊಡೀತಾರಲ್ಲ. ರೈಫಲ್ ನಳಿಗೆಯ ಒಳಗೆ ತಿರುಚಿಕೊಂಡು ಹೋಗೋ ಗೀರುಗಳು ಕೊರೆದಿರುತ್ತೆ. ಗುಂಡು ಆ ಗೀರನ್ನ ಹಿಡಿದುಕೊಂಡು ಬುಗುರಿ ಥರ ತಿರುಗ್ತಾ ಹೊರಗೆ ಬರುತ್ತೆ, ಅದಕ್ಕೇ ನೇರ ಹೋಗುತ್ತೆ. ಗೀರು ಹಿಡಿಬೇಕು ಅಂದ್ರೆ ಗುಂಡು ಬಿಗಿಯಾಗಿ ಕೂರಬೇಕು. ಅವರು ಮಾಡ್ತಿದ್ದ ಉಪಾಯ ಏನಂದ್ರೆ, ನಳಿಗೆಗಿಂತ ಒಂಚೂರು ಚಿಕ್ಕ ಗುಂಡನ್ನ ಕೊಬ್ಬು ಸವರಿದ ಬಟ್ಟೆ ತುಂಡಿನಲ್ಲಿ ಇಟ್ಟು, ಬಟ್ಟೆ ಸಮೇತ ಒಳಗೆ ತಳ್ಳೋದು. ಬಟ್ಟೆ ಗೀರಿಗೆ ಕಚ್ಚಿಕೊಳ್ಳುತ್ತೆ, ಗುಂಡನ್ನೂ ತಿರುಗಿಸುತ್ತೆ.

ಈಗ ಗಜದ ಕೆಲಸವೇ ಬದಲಾಯ್ತು. ಮಸ್ಕೆಟ್‌ನಲ್ಲಿ ಗಜ ಸುಮ್ಮನೆ ಗುದ್ದೋ ಕೋಲು. ರೈಫಲ್‌ನಲ್ಲಿ ಅದು ಮೂರೂವರೆ ಅಡಿ ಉದ್ದಕ್ಕೂ ಬಿಗಿಯಾದ ಗುಂಡನ್ನ ತಳ್ಳಿಕೊಂಡು ಹೋಗಬೇಕು, ದಾರಿಯಲ್ಲಿ ಗೀರಿನ ಅಂಚನ್ನ ಉಜ್ಜಬಾರದು. ಆ ಕಾಲದ ನಳಿಗೆ ಮೆದು ಕಬ್ಬಿಣದ್ದು. ಅದರ ಮೇಲೆ ಕಬ್ಬಿಣದ ಸರಳು ದಿನಾ ಓಡಾಡಿದರೆ ಮೊದಲು ಸವೆಯೋದು ನಳಿಗೆಯ ಬಾಯಿ. ಗುಂಡು ಹೊರಗೆ ಬರುವಾಗ ಕೊನೆಯದಾಗಿ ಮುಟ್ಟೋದು ಆ ಬಾಯಿಯ ಅಂಚನ್ನೇ. ಅಲ್ಲಿ ಒಂದು ಕಡೆ ಸವೆದರೆ ಗುಂಡು ಒಂದು ಕಡೆಗೆ ವಾಲುತ್ತೆ. ಸಾವಿರ ಸಲ ಮದ್ದು ತುಂಬಿದ ಮೇಲೆ ಜಿಂಕೆಯ ಎದೆಗೆ ಹಿಡಿದ ಗುರಿ ಅದರ ಹಿಂದಿನ ಮರಕ್ಕೆ ಬೀಳುತ್ತೆ.

ನಮ್ಮ ಕಾಸ್ಟಿಂಗ್ ಕ್ಲಾಸಿನ ಭಾಷೆಯಲ್ಲಿ ಹೇಳೋದಾದ್ರೆ, ಸವೆತ ಎಲ್ಲಿ ಆಗಬೇಕು ಅನ್ನೋದೇ ಪ್ರಶ್ನೆ. ಮರದ ಗಜ ಇಟ್ಟರೆ ಗಜ ಸವೆಯುತ್ತೆ, ಕಾಡಿನಲ್ಲಿ ಇನ್ನೊಂದು ಸಿಗುತ್ತೆ. ಕಬ್ಬಿಣದ ಗಜ ಇಟ್ಟರೆ ಬಂದೂಕು ಸವೆಯುತ್ತೆ, ಅದು ಇಡೀ ಮನೆಯಲ್ಲೇ ದುಬಾರಿ ವಸ್ತುಗಳಲ್ಲಿ ಒಂದು. ಸೈನ್ಯದ ಲೆಕ್ಕ ಬೇರೆ: ಅಲ್ಲಿ ಗಜ ಮುರಿದರೆ ಆಳು ಸಾಯ್ತಾನೆ, ನಳಿಗೆ ಸವೆದರೆ ಖಜಾನೆ ಹೊಸದು ಕೊಡುತ್ತೆ. ಇಬ್ಬರೂ ಸರಿಯಾಗೇ ಆರಿಸಿದ್ದಾರೆ ಅಂತ ನನ್ನ ಅಭಿಪ್ರಾಯ.

3/6

ಸರಿ, ಮರ. ಯಾವ ಮರ?

ಅಮೆರಿಕದವರ ಉತ್ತರ ಒಂದೇ: ಹಿಕರಿ. ನಮ್ಮ ಕಡೆ ಈ ಮರ ಇಲ್ಲ, ಆದರೆ ಇದರ ಒಬ್ಬ ನೆಂಟ ನಿಮಗೆ ಗೊತ್ತಿರಬಹುದು. ಡ್ರೈಫ್ರೂಟ್ ಅಂಗಡಿಯಲ್ಲಿ ಸಿಗೋ ಪೆಕಾನ್ ಇದೆಯಲ್ಲ, ಅದೂ ಇದೇ ಜಾತಿಗೆ ಸೇರಿದ್ದು. ಡ್ರಮ್ಸ್ ಬಾರಿಸೋ ಫ್ರೆಂಡ್ ಇದ್ದರೆ ಅವನ ಸ್ಟಿಕ್ಸ್ ಮೇಲೆ ಏನು ಬರೆದಿದೆ ನೋಡಿ, ಬಹಳಷ್ಟು ಸ್ಟಿಕ್ಸ್ ಇವತ್ತಿಗೂ ಹಿಕರಿಯವೇ. ಕೊಡಲಿ ಕಾವಿಗೂ ಅಲ್ಲಿ ಇದೇ ಮರ. ಗಟ್ಟಿ ಮರಗಳು ಬೇಕಾದಷ್ಟಿವೆ, ಆದರೆ ಗಟ್ಟಿ ಇರೋದು ಬಾಗಲ್ಲ, ಬಾಗೋದು ಗಟ್ಟಿ ಇರಲ್ಲ. ಹಿಕರಿ ಬಾಗುತ್ತೆ, ಏಟು ತಿನ್ನುತ್ತೆ, ವಾಪಸ್ ನೆಟ್ಟಗೆ ನಿಲ್ಲುತ್ತೆ. ಆಂಡ್ರ್ಯೂ ಜಾಕ್ಸನ್ ಅಂತ ಒಬ್ಬ ಅಮೆರಿಕದ ಅಧ್ಯಕ್ಷ ಇದ್ದ. ಅವನು ಸೇನಾಧಿಕಾರಿ ಆಗಿದ್ದಾಗ ಸೈನಿಕರು ಇಟ್ಟ ಅಡ್ಡಹೆಸರು 'ಓಲ್ಡ್ ಹಿಕರಿ'. ಎಂಥ ಮನುಷ್ಯ ಅಂತ ಊಹಿಸಿಕೊಳ್ಳಿ.

ಯುರೋಪಿನಲ್ಲಿ ಹಿಕರಿ ಕಾಡಾಗಿ ಬೆಳೆಯೋದಿಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲೂ ಇತ್ತಂತೆ, ಹಿಮಯುಗಗಳಲ್ಲಿ ನಾಶ ಆಗಿ ಹೋಯ್ತು. ಜರ್ಮನಿಯಿಂದ ಬಂದ ಕೋವಿ ಕಮ್ಮಾರನಿಗೆ ಈ ಮರ ಹೊಸ ದೇಶದಲ್ಲಿ ಸಿಕ್ಕ ಲಾಟರಿ.

ಆದರೆ ಹಿಕರಿ ಅಂತ ಹೆಸರು ಕೇಳಿ ತಗೊಂಡರೆ ಆಗಲ್ಲ, ಎಲ್ಲ ಇರೋದು ಎಳೆಯಲ್ಲಿ.

ಎಳೆ ಅಂದ್ರೆ ನೀವು ಕ್ರಿಕೆಟ್ ಬ್ಯಾಟ್ ತಗೊಳ್ಳುವಾಗ ಎಣಿಸ್ತೀರಲ್ಲ, 'ಗ್ರೇನ್ಸ್', ಅದೇ. ಮರದ ನಾರುಗಳು ಬುಡದಿಂದ ತುದಿಗೆ ಓಡೋ ದಾರಿ. ಮರ ನೆಟ್ಟಗೆ ಬೆಳೆದಿದ್ದರೆ ಎಳೆ ನೆಟ್ಟಗೆ, ಗಾಳಿಗೆ ತಿರುಚಿಕೊಂಡು ಬೆಳೆದಿದ್ದರೆ ಎಳೆಯೂ ತಿರುಚು. ಒಂದು ಹಲಗೆಯನ್ನ ಗರಗಸದಲ್ಲಿ ಕುಯ್ದರೆ ಗರಗಸಕ್ಕೆ ಎಳೆಯ ಚಿಂತೆ ಇಲ್ಲ, ಪೆನ್ಸಿಲ್ ಗೆರೆ ಎಲ್ಲಿದೆಯೋ ಅಲ್ಲಿ ಹೋಗುತ್ತೆ. ಕೋಲು ನೋಡೋಕೆ ನೆಟ್ಟಗಿರುತ್ತೆ, ಆದರೆ ಒಳಗಿನ ನಾರುಗಳು ಓರೆಯಾಗಿ ಬಂದು ಅರ್ಧದಲ್ಲೇ ಪಕ್ಕಕ್ಕೆ ಮುಗಿದು ಹೋಗಿರುತ್ತೆ. ಹಾಗೆ ಮುಗಿದ ಕಡೆ ಕೋಲನ್ನ ಹಿಡಿದಿಟ್ಟಿರೋದು ನಾರಲ್ಲ, ನಾರು ನಾರಿನ ನಡುವಿನ ಅಂಟು ಮಾತ್ರ.

ಅಂಥ ಕೋಲು ಮುರಿದರೆ ಸೀಮೆಸುಣ್ಣದ ಥರ 'ಟಕ್' ಅಂತ ಎರಡಾಗಲ್ಲ. ಓರೆಯಾಗಿ ಸೀಳುತ್ತೆ. ಎರಡು ತುಂಡಿಗೂ ಗೇಣುದ್ದದ ಚೂಪು ಮೊನೆ ಬರುತ್ತೆ. ಮುರಿಯೋ ಕ್ಷಣದಲ್ಲಿ ನಿಮ್ಮ ಕೈ ಏನು ಮಾಡ್ತಿರುತ್ತೆ ಯೋಚನೆ ಮಾಡಿ. ಪೂರ್ತಿ ಬಲ ಹಾಕಿ ಕೆಳಗೆ ತಳ್ತಿರುತ್ತೆ. ಕೆಳಗಿನ ತುಂಡು ನಳಿಗೆಯಲ್ಲಿ ಭದ್ರವಾಗಿ ನಿಂತಿದೆ, ಮೊನೆ ಮೇಲಕ್ಕೆ. ಕೈ ನೇರ ಅದರ ಮೇಲೆ ಬೀಳುತ್ತೆ, ಅಂಗೈ ತೂರಿಕೊಂಡು ಹೊರಗೆ ಬರುತ್ತೆ. ಇದು ಹಳೇ ಕಾಲದ ಕಥೆ ಮಾತ್ರ ಅಲ್ಲ. ಇವತ್ತು ಹವ್ಯಾಸಕ್ಕೆ ಇಂಥ ರೈಫಲ್ ಹೊಡೆಯೋ ಅಮೆರಿಕದವರು ಹೊಸಬರಿಗೆ ಮೊದಲು ಹೇಳೋ ಎಚ್ಚರಿಕೆಗಳಲ್ಲಿ ಇದೂ ಒಂದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ದುಂಡನೆ ಕೋಲು ತಂದು ಗಜ ಮಾಡಬೇಡಿ ಅಂತ. ಆ ಕೋಲು ಪರದೆ ನೇತುಹಾಕೋಕೆ ಮಾಡಿದ್ದು, ಎಳೆ ನೋಡಿ ಯಾರೂ ಕುಯ್ದಿರಲ್ಲ.

ಹಾಗಾದ್ರೆ ಹಳಬರು ಏನು ಮಾಡ್ತಿದ್ದರು? ಕುಯ್ತಿರಲಿಲ್ಲ, ಸೀಳ್ತಿದ್ದರು. ನೆಟ್ಟಗೆ ಬೆಳೆದ, ಗಂಟಿಲ್ಲದ ಹಿಕರಿ ಬೊಡ್ಡೆಯನ್ನ ಬೆಣೆ ಹೊಡೆದು ಸೀಳಿದರೆ ಅದು ತನ್ನ ಎಳೆ ಹಿಡಿದುಕೊಂಡೇ ಬಿಚ್ಚಿಕೊಳ್ಳುತ್ತೆ. ಸೌದೆ ಒಡೆದವರಿಗೆ, ಬಿದಿರು ಸೀಳಿದವರಿಗೆ ಇದು ಹೇಳಿಕೊಡೋದೇ ಬೇಡ. ಕತ್ತಿ ಇಟ್ಟು ತಟ್ಟಿದರೆ ದಾರಿ ಬಿದಿರೇ ತೋರಿಸುತ್ತೆ. ಕ್ರಿಕೆಟ್ ಬ್ಯಾಟಿನ ವಿಲೋ ಮರವನ್ನೂ ಮೊದಲು ಬೆಣೆ ಹಾಕಿ ಸೀಳೋದೇ, ಕಾರಣವೂ ಇದೇ. ಸೀಳಿದ ತುಂಡು ಸೊಟ್ಟಗೆ ಬಂದರೆ ಮರ ಸುಳ್ಳು ಹೇಳ್ತಿಲ್ಲ ಅಂತ ಅರ್ಥ, ಅದನ್ನ ಪಕ್ಕಕ್ಕೆ ಎಸೆಯೋದು. ನೆಟ್ಟಗೆ ಬಂದಿದ್ದನ್ನ ಒಣಗೋಕೆ ಬಿಡೋದು. ಹಸಿ ಕೋಲನ್ನ ಕೆತ್ತಿದರೆ ಒಣಗ್ತಾ ಬಿಲ್ಲಿನ ಹಾಗೆ ಬಾಗುತ್ತೆ. ಒಣಗಿದ ಮೇಲೆ ಮೊದಲು ಚೌಕ, ಆಮೇಲೆ ಎಂಟು ಮೂಲೆ, ಆಮೇಲೆ ದುಂಡು. ಕೊನೆಗೆ ಗಾಜಿನ ಚೂರು ಇಲ್ಲ ಕಬ್ಬಿಣದ ತಗಡಿನಿಂದ ಕೆರೆದು ನುಣುಪು. ಅಲ್ಪಸ್ವಲ್ಪ ಡೊಂಕಿದ್ದರೆ ಶಾಖ ಕೊಟ್ಟು ಬಗ್ಗಿಸಿ ನೆಟ್ಟಗೆ ಮಾಡ್ತಾರೆ.

ಆರಿಸೋದು ಹೇಗೆ ಅಂತ ಕೇಳಿದರೆ ನಾನು ಹೇಳೋದು ಇಷ್ಟು. ಕೋಲನ್ನ ಬೆಳಕಿಗೆ ಹಿಡಿದು ಒಂದು ಎಳೆ ಹಿಡಿಯಿರಿ, ಅದರ ಜೊತೆ ಬೆರಳು ಓಡಿಸಿ. ಈ ತುದಿಯಲ್ಲಿ ಹಿಡಿದ ಎಳೆ ಆ ತುದಿಯವರೆಗೂ ಜೊತೆಗೆ ಬಂದರೆ ಕೋಲು ಒಳ್ಳೇದು. ಮಧ್ಯದಲ್ಲಿ ಪಕ್ಕಕ್ಕೆ ಜಾರಿ ಮಾಯವಾದರೆ ಅದು ಎಷ್ಟು ಚೆಂದ ಹೊಳೆದರೂ ಬೇಡ. ಕೋಲನ್ನ ತಿರುಗಿಸಿ ಪಕ್ಕದಿಂದಲೂ ನೋಡಬೇಕು, ಯಾಕಂದ್ರೆ ಒಂದು ಕಡೆ ನೆಟ್ಟಗಿರೋ ಎಳೆ ಇನ್ನೊಂದು ಕಡೆ ಓರೆ ಇರಬಹುದು. ಗಂಟು ಒಂದಿದ್ದರೂ ಬೇಡ. ಆಮೇಲೆ ನಿಧಾನಕ್ಕೆ ಬಗ್ಗಿಸಿ. ಸಮವಾಗಿ, ಕಮಾನಿನ ಹಾಗೆ ಬಾಗಬೇಕು. ಒಂದೇ ಕಡೆ ಮಡಚಿಕೊಂಡ ಹಾಗಾದರೆ ಅಲ್ಲೇ ಮುರಿಯುತ್ತೆ.

ಒಂದು ಪುಕಾರು ಇದೆ, ಬಿಳಿ ಹಿಕರಿ ಮಾತ್ರ ಒಳ್ಳೇದು, ಒಳಗಿನ ಕೆಂಪು ತಿರುಳು ಕೆಲಸಕ್ಕೆ ಬರಲ್ಲ ಅಂತ. ಅಮೆರಿಕದ ಅರಣ್ಯ ಇಲಾಖೆಯ ಪ್ರಯೋಗಾಲಯದವರು ಪರೀಕ್ಷೆ ಮಾಡಿ ನೋಡಿದಾಗ ಒಂದೇ ತೂಕದ ಕೆಂಪಿಗೂ ಬಿಳಿಗೂ ಬಲದಲ್ಲಿ ವ್ಯತ್ಯಾಸ ಸಿಗಲಿಲ್ಲ. ಬಣ್ಣಕ್ಕಿಂತ ತೂಕ ನೋಡೋದು ಮೇಲು, ಒಂದೇ ಅಳತೆಯ ಎರಡು ಕೋಲಿನಲ್ಲಿ ಭಾರ ಇರೋದು ಸಾಮಾನ್ಯವಾಗಿ ಗಟ್ಟಿ. ಎಣ್ಣೆಯ ವಿಷಯದಲ್ಲೂ ಇಂಥದೇ ವಾದ. ಅಗಸೆ ಎಣ್ಣೆ ಸವರಿದರೆ ತೇವ ಬೇಗ ಹಿಡಿಯಲ್ಲ, ಅದು ಸರಿ. ಕೆಲವರು ತಿಂಗಳುಗಟ್ಟಲೆ ಸೀಮೆಎಣ್ಣೆಯಲ್ಲಿ ನೆನೆಸಿಡ್ತಾರೆ, ಕೋಲು ಬಳುಕುತ್ತೆ ಅಂತಾರೆ. ಓರೆ ಎಳೆಯ ಕೋಲನ್ನ ವರ್ಷ ನೆನೆಸಿದರೂ ಎಳೆ ನೆಟ್ಟಗಾಗಲ್ಲವಲ್ಲ.

4/6

ದಪ್ಪದ ಲೆಕ್ಕ ಬೇಗ ಮುಗಿಸ್ತೀನಿ. 0.45 ಇಂಚಿನ ನಳಿಗೆ ಅಂದ್ರೆ ಒಳಗೆ ಸುಮಾರು 11.4 ಮಿಲಿಮೀಟರ್. ಅದಕ್ಕೆ ಸಾಮಾನ್ಯವಾಗಿ 3/8 ಇಂಚಿನ ಕೋಲು, ಅಂದ್ರೆ 9.5 ಮಿಲಿಮೀಟರ್. ದಪ್ಪ ಇದ್ದಷ್ಟೂ ಒಳಗೆ ಬಾಗೋಕೆ ಜಾಗ ಇರಲ್ಲ, ಹಾಗಾಗಿ ಮುರಿಯೋದೂ ಕಮ್ಮಿ. ಆದರೆ ತೀರಾ ದಪ್ಪ ಆದರೆ ಮಳೆಗಾಲದಲ್ಲಿ ಉಬ್ಬಿ, ನಳಿಗೆ ಕೆಳಗಿನ ಕಾಲುವೆಯಿಂದ ಹೊರಗೇ ಬರಲ್ಲ. ನಮ್ಮ ಹಳೇ ಮನೆ ಬಾಗಿಲು ಜುಲೈನಲ್ಲಿ ಮಾಡೋ ಹಾಗೆ.

ಗುಂಡಿಗೆ ತಾಗೋ ತುದಿಗೆ ಹಿತ್ತಾಳೆ ಇಲ್ಲ ಕೊಂಬಿನ ಟೊಪ್ಪಿ ಹಾಕ್ತಿದ್ದರು, ಇನ್ನೊಂದು ತುದಿಗೆ ನಳಿಗೆ ಒರೆಸೋಕೆ ನಾರು ಸಿಕ್ಕಿಸೋ ಕಬ್ಬಿಣದ ಸುರುಳಿ. ಟೊಪ್ಪಿಯನ್ನ ಬರೀ ಅಂಟಿನಲ್ಲಿ ಕೂರಿಸಿದರೆ ಒರೆಸುವಾಗ ಕಳಚಿ ನಳಿಗೆಯ ತಳದಲ್ಲೇ ಉಳಿದುಬಿಡುತ್ತೆ. ಅದಕ್ಕೆ ಅಡ್ಡಲಾಗಿ ಒಂದು ಸಣ್ಣ ಮೊಳೆ ತೂರಿಸ್ತಾರೆ.

ತಳ್ಳೋ ರೀತಿಗೂ ಒಂದು ಕ್ರಮ ಇದೆ. ಕೋಲಿನ ಮೇಲ್ತುದಿ ಹಿಡಿದು ಒಮ್ಮೆಗೇ ಒತ್ತಿದರೆ ಮಧ್ಯ ಬಾಗುತ್ತೆ, ಎಂಥ ಹಿಕರಿಯೂ ಎಷ್ಟು ಅಂತ ತಡೆಯುತ್ತೆ? ನಳಿಗೆಯ ಬಾಯಿಂದ ಒಂದು ಗೇಣು ಮೇಲೆ ಹಿಡಿದು, ಒಂದು ಗೇಣು ತಳ್ಳಿ, ಮತ್ತೆ ಕೈ ಮೇಲೆ ತಗೊಂಡು ಮತ್ತೆ ಒಂದು ಗೇಣು. ಬಾವಿಯಿಂದ ಹಗ್ಗ ಸೇದೋದನ್ನ ತಿರುಗುಮುರುಗು ಮಾಡಿದ ಹಾಗೆ. ಗುಂಡು ತಳ ಮುಟ್ಟಿ ಮದ್ದಿನ ಮೇಲೆ ಕೂರಲೇಬೇಕು. ಮಧ್ಯದಲ್ಲಿ ನಿಂತರೆ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದು, ಹೊಡೆದಾಗ ನಳಿಗೆಯೇ ಉಬ್ಬಬಹುದು, ಒಡೆಯಬಹುದು. ಗಜ ಮುರಿದು ಗುಂಡು ಅರ್ಧದಲ್ಲಿ ಸಿಕ್ಕಿಕೊಂಡರೆ ಅದಕ್ಕೇ ಅಷ್ಟು ಭಯ.

ಈ ಕೋಲು ಒಂದು ಅಳತೆಗೋಲೂ ಹೌದು. ಖಾಲಿ ನಳಿಗೆಗೆ ಗಜ ಇಳಿಸಿ, ಬಾಯಿಯ ಮಟ್ಟದಲ್ಲಿ ಒಂದು ಗೀರು ಹಾಕ್ತಾರೆ. ಮದ್ದು ಗುಂಡು ತುಂಬಿದ ಮೇಲೆ ಇಳಿಸಿ ಇನ್ನೊಂದು ಗೀರು. ಆಮೇಲೆ ಯಾವತ್ತಾದರೂ ಬಂದೂಕು ತುಂಬಿದೆಯಾ ಇಲ್ಲವಾ ಅಂತ ಅನುಮಾನ ಬಂದರೆ ಗಜ ಇಳಿಸಿ ನೋಡಿದರೆ ಸಾಕು. ಉಕ್ಕಿನ ಗಜ ಇದ್ದ ಸೈನಿಕರು ಕಿವಿಯಿಂದ ಪರೀಕ್ಷೆ ಮಾಡ್ತಿದ್ದರು. ಖಾಲಿ ನಳಿಗೆಗೆ ಗಜ ಬಿಟ್ಟರೆ ತಳಕ್ಕೆ ತಾಗಿ 'ಟಣ್' ಅನ್ನುತ್ತೆ. ತುಂಬಿದ್ದರೆ ಶಬ್ದ ಸತ್ತಿರುತ್ತೆ.

ಆ ಪರೀಕ್ಷೆಗೆ ಯಾರಿಗೂ ಪುರುಸೊತ್ತು ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ 1863ರ ಜುಲೈನಲ್ಲಿ ನಡೆದ ಗೆಟಿಸ್‌ಬರ್ಗ್ ಯುದ್ಧ ಸಾಕ್ಷಿ. ಯುದ್ಧ ಮುಗಿದ ಮೇಲೆ ಮೈದಾನದಿಂದ 27,574 ಬಂದೂಕು ಹೆಕ್ಕಿದರು. ಅದರಲ್ಲಿ ಸುಮಾರು 24,000 ಇನ್ನೂ ತುಂಬಿದ್ದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡೆರಡು ಈಡು. ಒಂದರಲ್ಲಂತೂ 23! ಆ ಹುಡುಗ ಭಯದಲ್ಲಿ ತುಂಬ್ತಾ ಇದ್ದ, ಜಡೀತಾ ಇದ್ದ, ಬಂದೂಕು ಹಾರಲೇ ಇಲ್ಲ ಅನ್ನೋದು ಸುತ್ತಲಿನ ಸದ್ದಿನಲ್ಲಿ ಅವನಿಗೆ ಗೊತ್ತೇ ಆಗಲಿಲ್ಲ. ವಯಸ್ಸು ಎಷ್ಟಿತ್ತೋ. ನಮ್ಮಷ್ಟೇ ಇದ್ದಿರಬಹುದು. ನನಗೆ ಈ 23 ಅನ್ನೋ ಸಂಖ್ಯೆ ಓದಿದ ದಿನದಿಂದ ತಲೆಯಿಂದ ಹೋಗ್ತಿಲ್ಲ.

5/6

ಇಷ್ಟು ನಿಖರವಾದ ರೈಫಲ್ ಇದ್ದರೆ ಸೈನ್ಯಗಳೆಲ್ಲ ಅದನ್ನೇ ತಗೊಬಹುದಿತ್ತಲ್ಲ ಅಂತ ಕೇಳಬಹುದು. ಪ್ರಯತ್ನ ಆಗಿದೆ. 1775ರ ಜೂನ್ 14ರಂದು ಅಮೆರಿಕದ ಕಾಂಟಿನೆಂಟಲ್ ಕಾಂಗ್ರೆಸ್ ಹತ್ತು ರೈಫಲ್ ಕಂಪನಿಗಳನ್ನ ಕಟ್ಟೋಕೆ ನಿರ್ಧಾರ ಮಾಡಿತು. ಆರು ಪೆನ್ಸಿಲ್ವೇನಿಯಾದ್ದು, ಎರಡು ಮೇರಿಲ್ಯಾಂಡ್, ಎರಡು ವರ್ಜೀನಿಯಾ. ಡೇನಿಯಲ್ ಮಾರ್ಗನ್‌ನ ರೈಫಲ್‌ದಾರರು 1777ರಲ್ಲಿ ಸರಟೋಗಾದಲ್ಲಿ ಬ್ರಿಟಿಷರಿಗೆ ಚೆನ್ನಾಗೇ ಬಿಸಿ ಮುಟ್ಟಿಸಿದರು. ಆದರೆ ಮಸ್ಕೆಟ್‌ನವನು ಮೂರು ಗುಂಡು ಹೊಡೆಯೋ ಹೊತ್ತಿಗೆ ರೈಫಲ್‌ನವನು ಒಂದು, ಜಾಸ್ತಿ ಅಂದ್ರೆ ಎರಡು. ಆ ಮೆಲ್ಲಗೆ ತಳ್ಳೋ ಕೆಲಸ ಇದೆಯಲ್ಲ, ಸಮಯ ಹೋಗೋದೇ ಅಲ್ಲಿ. ಬಯೊನೆಟ್ ಸಿಕ್ಕಿಸೋಕೂ ಆಗ್ತಿರಲಿಲ್ಲ. ಎದುರಾಳಿ ಓಡಿ ಬಂದು ಮೈಮೇಲೆ ಬಿದ್ದರೆ ಕೈಯಲ್ಲಿರೋದು ಅರ್ಧ ಇಳಿದ ಗಜ.

ಬ್ರಿಟಿಷರು 1800ರಲ್ಲಿ ಎಜೆಕಿಯಲ್ ಬೇಕರ್ ಮಾಡಿದ ರೈಫಲ್ ತಗೊಂಡಾಗ ಗಜ ಉಕ್ಕಿನದ್ದೇ ಇತ್ತು. ಗುಂಡು ಎಷ್ಟು ಬಿಗಿ ಅಂದ್ರೆ, ಮೊದಮೊದಲು ಸೈನಿಕರಿಗೆ ಒಂದು ಸಣ್ಣ ಮರದ ಸುತ್ತಿಗೆಯನ್ನೂ ಕೊಡ್ತಿದ್ದರು, ಬಾಯಲ್ಲಿ ಕುಟ್ಟಿ ಒಳಗೆ ಇಳಿಸೋಕೆ. ಯುದ್ಧಭೂಮಿಯಲ್ಲಿ ಸುತ್ತಿಗೆ ಹುಡುಕ್ತಾ ಇರೋದನ್ನ ಕಲ್ಪಿಸಿಕೊಳ್ಳಿ. ಆಮೇಲೆ ಅದನ್ನ ಕೈಬಿಟ್ಟರು.

ಬೇಗ ಬೇಕು ಅನ್ನೋ ಹಠದಲ್ಲಿ ಪ್ರಷ್ಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳೇ ಗಜದಲ್ಲಿ ಒಂದೇ ತುದಿ ದಪ್ಪ, ಹಾಗಾಗಿ ತೆಗೆದಾಗ ಒಮ್ಮೆ, ವಾಪಸ್ ಇಡುವಾಗ ಒಮ್ಮೆ ತಿರುಗಿಸಬೇಕಿತ್ತು. 1773ರಲ್ಲಿ ಅವರು ಎರಡೂ ತುದಿ ಒಂದೇ ದಪ್ಪದ ಗಜ ತಂದರು. ತಿರುಗಿಸೋ ಎರಡು ಕೆಲಸ ಉಳೀತು. ಬದಲಿಗೆ ಬಂದೂಕಿನ ಮುಂಭಾಗದ ಭಾರ ಹೆಚ್ಚಾಗಿ ಗುರಿ ಕೆಳಗೆ ಬೀಳೋಕೆ ಶುರುವಾಯ್ತು. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಖರ್ಚು, ಡಬಲ್ ಎಂಟ್ರಿ ಯಾರನ್ನೂ ಬಿಡಲ್ಲ.

ಮರದ ಗಜದ ಕಾರಣವನ್ನೇ ತೆಗೆದು ಹಾಕಿದ್ದು 1849ರ ಹೊತ್ತಿಗೆ ಫ್ರಾನ್ಸಿನ ಮಿನಿಯೆ ತಂದ ಗುಂಡು. ಅದರ ಬುಡ ಟೊಳ್ಳು. ಮಸ್ಕೆಟ್ ಗುಂಡಿನ ಹಾಗೆ ಸಡಿಲವಾಗಿ ಇಳಿಯುತ್ತೆ, ಹೊಡೆದಾಗ ಬುಡ ಅರಳಿ ಗೀರು ಹಿಡಿಯುತ್ತೆ. ಬಟ್ಟೆ ಬೇಡ, ತಿಣುಕಾಡಿ ತಳ್ಳೋದು ಬೇಡ. 1857ರಲ್ಲಿ ನಮ್ಮ ಸಿಪಾಯಿಗಳು ಕೊಬ್ಬು ಸವರಿದ ತೋಟ ಮುಟ್ಟಲ್ಲ ಅಂದರಲ್ಲ, ಆ ಎನ್‌ಫೀಲ್ಡ್ ರೈಫಲ್ ಕೂಡ ಬಾಯಿಂದ ತುಂಬೋದೇ, ಅಂಥದೇ ಅರಳೋ ಗುಂಡು, ಉಕ್ಕಿನ ಗಜ. ತೋಟದ ಕಾಗದಕ್ಕೆ ಕೊಬ್ಬು ಬೇಕಾಗಿದ್ದು ಯಾಕೆ? ಗೀರಿನ ನಳಿಗೆಯಲ್ಲಿ ಗುಂಡು ಜಾರಿ ಇಳಿಯೋಕೆ. ಪೆನ್ಸಿಲ್ವೇನಿಯಾದ ಬೇಟೆಗಾರ ಬಟ್ಟೆಗೆ ಕೊಬ್ಬು ಸವರಿದ್ದೂ ಅದಕ್ಕೇ. ಮೀರತ್‌ನ ಮೇ 10ರ ಬಗ್ಗೆ ಹತ್ತನೇ ಕ್ಲಾಸಿನಲ್ಲಿ ಐದು ಮಾರ್ಕಿಗೆ ಬರೆದಿದ್ದೀವಿ, ಈ ಗಜದ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ.

6/6

ಈಗ ಮೋಲ್ವಿಟ್ಸ್‌ನಿಂದ 125 ವರ್ಷ ಮುಂದೆ ಬನ್ನಿ. ಜುಲೈ 3, 1866, ಬೊಹೀಮಿಯಾದ ಕೋನಿಗ್‌ಗ್ರೇಟ್ಸ್. ಅದೇ ಇಬ್ಬರು, ಪ್ರಷ್ಯಾ ಮತ್ತು ಆಸ್ಟ್ರಿಯಾ. ಆಸ್ಟ್ರಿಯಾದವರ ಕೈಯಲ್ಲಿ ಲೊರೆನ್ಸ್ ರೈಫಲ್, ಒಳ್ಳೇ ಬಂದೂಕು, ದೂರಕ್ಕೆ ಹೊಡೆಯುತ್ತೆ, ಒಳ್ಳೇ ಗಜವೂ ಇದೆ. ಪ್ರಷ್ಯಾದವರದ್ದು ಡ್ರೈಸೆ ಸೂಜಿ ಬಂದೂಕು, ಹಿಂದಿನಿಂದ ತೋಟ ಹಾಕೋದು. ಅದರಲ್ಲಿ ಗುಂಡು ತುಂಬೋಕೆ ಗಜದ ಕೆಲಸವೇ ಇಲ್ಲ. ಬಾಯಿಂದ ತುಂಬೋನು ಎದ್ದು ನಿಂತು ಜಡಿಯಬೇಕು. ಹಿಂದಿನಿಂದ ತುಂಬೋನು ನೆಲಕ್ಕೆ ಅಂಟಿಕೊಂಡು ಮಲಗಿಯೇ ಹೊಡೀತಾ ಇರಬಹುದು. ಆಸ್ಟ್ರಿಯಾ ಮತ್ತೆ ಸೋತಿತು.

ಹಾಗಂತ ಮರದ ಗಜ ಮ್ಯೂಸಿಯಂ ಸೇರಿಲ್ಲ. ನಮ್ಮ ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇರೋದು, ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂವಿಟ್ಟು ಪೂಜೆ ಮಾಡೋದು ನಿಮಗೆ ಗೊತ್ತೇ ಇದೆ. ಮಲೆನಾಡಿನ ಕಡೆ ಕಾಡುಹಂದಿಯಿಂದ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೇಪಿನ ಕೋವಿಗಳು ಇವತ್ತಿಗೂ ಇವೆ, ಅವು ಬಾಯಿಂದ ತುಂಬೋವೇ. ಅಂಥ ಕೋವಿ ನಿಮ್ಮ ಮನೆಯಲ್ಲೋ ಅಜ್ಜನ ಮನೆಯಲ್ಲೋ ಇದ್ದರೆ, ಹಿರಿಯರನ್ನ ಕೇಳಿಕೊಂಡು ಅವರ ಕೈಯಿಂದಲೇ ಗಜ ತೆಗೆಸಿ ನೋಡಿ. ನೀವೇ ಮುಟ್ಟೋಕೆ ಹೋಗಬೇಡಿ, ತುಂಬಿದೆಯೋ ಇಲ್ಲವೋ ಗೊತ್ತಿರಲ್ಲ, ಗೆಟಿಸ್‌ಬರ್ಗ್ ಪ್ಯಾರಾ ಇನ್ನೊಮ್ಮೆ ಓದಿ. ಕಬ್ಬಿಣದ್ದಾ, ಮರದ್ದಾ? ಮರದ್ದಾದರೆ ಯಾವ ಮರ, ಯಾರು ಕೆತ್ತಿದ್ದು? ಅಮೆರಿಕದವರು ಹಿಕರಿ ಬಗ್ಗೆ ಪುಟಗಟ್ಟಲೆ ಬರೆದಿಟ್ಟಿದ್ದಾರೆ. ನಮ್ಮ ಕಡೆಯ ಗಜದ ಮರದ ಹೆಸರು ಅಜ್ಜಂದಿರ ಬಾಯಲ್ಲಿ ಇದೆ. ಕೇಳಿ ನನಗೆ ಮೆಸೇಜ್ ಮಾಡಿ, ಕೋಲಿನ ಫೋಟೋ ಸಾಕು, ಎಳೆ ಕಾಣೋ ಹಾಗೆ ಹತ್ತಿರದಿಂದ ತೆಗೀರಿ.

ಮುಂದಿನ ವಾರ: ಚಕಮಕಿ ಕಲ್ಲು. ಒಂದು ಕಲ್ಲಿನಿಂದ ಎಷ್ಟು ಕಿಡಿ ಬರುತ್ತೆ, ಅದು ಮೊಂಡಾದಾಗ ಸೈನಿಕ ಏನು ಮಾಡ್ತಿದ್ದ.

#ಸಣ್ಣವಸ್ತುದೊಡ್ಡಕಥೆ #ಇತಿಹಾಸ #ಗಜ #ಕನ್ನಡದಲ್ಲಿಇತಿಹಾಸ